ಸತ್ತವನ ಮೇಲೆ ಕೇಸು

ರಸ್ತೆ ಅಪಘಾತದ ಸುದ್ದಿ ಠಾಣೆಗೆ ಮುಟ್ಟಿದಾಗ ಮೊದಲು ಕೇಳುವ ಮಾತು ‘ಯಾರಿಗೆ ಏನಾತು?’ ಎಂದು ನೀವು ಅಂದುಕೊಂಡಿರುತ್ತೀರಿ. ತರಬೇತಿ ಮುಗಿಸಿ, ಇಸ್ತ್ರಿ ಮುರಿಯದ ಖಾಕಿ ತೊಟ್ಟು ಬರುವ ಹುಡುಗ ಹುಡುಗಿಯರೆಲ್ಲ ಹಾಗೇ ಅಂದುಕೊಂಡು ಬರುತ್ತಾರೆ. ನಾನೂ ಹಾಗೇ ಬಂದವಳು. ಆದರೆ ಫೋನೆತ್ತಿದವರು ಕೇಳುವುದು, ‘ಗಾಡಿ ಯಾರದು?’ ಅಂತ. ಅದರ ಉತ್ತರ ಸಿಕ್ಕ ಮೇಲೆಯೇ ಜೀಪು ಎಷ್ಟು ಜೋರಾಗಿ ಓಡಬೇಕು, ಯಾವ ದಿಕ್ಕಿಗೆ ಓಡಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ. ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದೇನೆ, ಇನ್ನಾದರೂ ಸಿಟ್ಟು ಇಳಿಯಬೇಕಿತ್ತು. ಇಳಿದಿಲ್ಲ.

ನಮ್ಮದು ದೇಗಾಂವದ ಪುರಾಣ ಹೇಳುವ ಮನೆತನ. ಅಜ್ಜ ಕಟ್ಟೆಯ ಮೇಲೆ ಕುಳಿತು ಪುರಾಣ ಹೇಳುತ್ತಿದ್ದರೆ ಒಳಗೆ ಅಜ್ಜಿ ಅದರ ತಪ್ಪು ತಿದ್ದುತ್ತಿದ್ದಳು. ನಾನು ಪೊಲೀಸಿಗೆ ಆಯ್ಕೆಯಾದ ಸುದ್ದಿ ಬಂದಾಗ ಅಜ್ಜ ಮಾತು ಬಿಟ್ಟರು, ಅಜ್ಜಿ ಬಿಡಲಿಲ್ಲ.

‘ಏ ಇಂದಿರಾ, ಹೆಣಾ ಮುಟ್ಟಬೇಕಾಗ್ತದಲ್ಲ, ಮಡಿ ಹ್ಯಾಂಗ ನಡಸ್ತೀ?’

‘ಬಂದು ಸ್ನಾನ ಮಾಡ್ತೇನಿ, ಅಜ್ಜಿ.’

‘ಹೆಣಾ ಮುಟ್ಟಿದ್ದಕ್ಕ ಸ್ನಾನ ಅದ. ಸುಳ್ಳ ಮುಟ್ಟಿದ್ದಕ್ಕ ಇಲ್ಲ. ನೋಡ್ಕೊಂಡು ಹೋಗು.’

ಹೋದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳನ್ನು ಬಿಟ್ಟು ನಾನು ಎಲ್ಲೂ ನೌಕರಿ ಮಾಡಿದವಳಲ್ಲ. ಕಾನ್‌ಸ್ಟೇಬಲ್ ಆಗಿ ಸೇರಿ ಎ.ಎಸ್.ಐ. ಆಗಿ ಇಳಿದೆ. ನಡುವಿನ ಬಡ್ತಿಗಳ ಕಥೆ ಬೇಡ, ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ.

ಹೆಣ್ಣು ಪೊಲೀಸರಿಗೆ ಆಗ ಒಂದೇ ಕೆಲಸ ಹಚ್ಚುತ್ತಿದ್ದರು. ಅಪಘಾತವಾದಾಗ ಅಳುವ ಹೆಣ್ಣುಮಕ್ಕಳನ್ನು ಸಂಭಾಳಿಸುವುದು. ಗಂಡಸರು ಟೇಪು ಹಿಡಿದು ರಸ್ತೆ ಅಳೆಯುವಾಗ ನಾನು ಯಾರದೋ ತಾಯಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಅದನ್ನು ಹಗುರದ ಕೆಲಸ ಎಂದು ನಗುತ್ತಿದ್ದರು. ನಗಲಿ. ಅಳುವವರ ಬಾಯಿಂದ ಬರುವಷ್ಟು ನಿಜ ಯಾವ ಟೇಪಿನಿಂದಲೂ ಬರುವುದಿಲ್ಲ.

ಅಳೆಯುವುದನ್ನು ನನಗೆ ಕಲಿಸಿದವರು ನಮ್ಮ ಹೆಡ್ ಕಾನ್‌ಸ್ಟೇಬಲ್ ಹುಸೇನಸಾಬ ಜಮಾದಾರರು. ಬಾಯಲ್ಲಿ ಸದಾ ಎಲೆ ಅಡಿಕೆ, ಕಣ್ಣು ಸದಾ ನೆಲದ ಮೇಲೆ. ಒಂದು ಸಲ ಹೆದ್ದಾರಿಯಲ್ಲಿ ಠಾಣೆಯ ಬರವಣಿಗೆ ನೋಡುವ ನಮ್ಮ ರೈಟರ್ ಉತ್ತರಕ್ಕೆ ಬೆನ್ನು ಮಾಡಿ ನಿಂತು ನಕಾಶೆ ಬರೆದುಬಿಟ್ಟಿದ್ದ. ಪರಿಣಾಮ ಏನೆಂದರೆ ಹೊಲದಲ್ಲಿದ್ದ ಬಾವಿ ಪಂಚಾಯ್ತಿ ಕಚೇರಿಯೊಳಗೆ ಬಂದಿತ್ತು, ಲಾರಿ ಬಂದ ದಾರಿಗೇ ಹಿಂದೆ ಹೋಗುತ್ತಿತ್ತು. ವಕೀಲರು ಕೋರ್ಟಿನಲ್ಲಿ ನಮ್ಮನ್ನು ನಿಲ್ಲಿಸಿ ನಿಲ್ಲಿಸಿ ನಕ್ಕರು. ಹೊರಗೆ ಬಂದ ಮೇಲೆ ಜಮಾದಾರರು ನನಗೆ ಹೇಳಿದರು: ‘ನೋಡ್ ಬೇಟಿ, ಗಾಡಿ ನಂಬಬ್ಯಾಡ. ಗಾಡಿನ ಮಂದಿ ಸರಸ್ತಾರ. ಗಾಜ ಎಲ್ಲಿ ಬಿದ್ದೈತಿ ಅದನ್ನ ಮೊದಲ ಹುಡಕು. ಗಾಜ ಸರಸೂ ಅಷ್ಟು ಪುರಸೊತ್ತ ಯಾರಿಗೂ ಇರೂದಿಲ್ಲ.’

ಇದು ಬಂಗಾರದಂಥ ಮಾತು. ಬಹಳ ಕಡೆ ನನ್ನನ್ನು ಕಾಯ್ದಿತು. ಕಾಯದೇ ಹೋದದ್ದು ಒಂದೇ ಪ್ರಕರಣದಲ್ಲಿ. ನಾನು ಬರೆಯಲು ಕೂತದ್ದೇ ಅದನ್ನು. ಆ ಠಾಣೆ ಯಾವುದು, ಆ ಸಾಹೇಬರು ಯಾರು ಎಂದು ಹೇಳುವುದಿಲ್ಲ. ಹೆಸರು ಹಿಡಿದು ಬೈದರೆ ಅದೊಬ್ಬರದೇ ತಪ್ಪು ಅಂದುಕೊಂಡು ಉಳಿದವರು ಆರಾಮಾಗಿ ಮಲಗುತ್ತಾರೆ.

ಪಂಚಮಿ ಹಬ್ಬ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣ ತಮ್ಮಂದಿರು ಹೋಗಿ ಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ಪದ್ಧತಿ. ಶಿವನಗೌಡ ಎಂಬ ಅನುಕೂಲಸ್ಥ ರೈತ ತನ್ನ ತಂಗಿ ಮಹಾದೇವಿಯನ್ನು ಕರೆತರಲು ಕಾರು ತೆಗೆದುಕೊಂಡು ತೊರಗಲ್‌ಗೆ ಹೋಗಿದ್ದ. ಬರುವಾಗ ಒಂದು ತಿರುವಿನಲ್ಲಿ ಮುಂದಿದ್ದ ಟ್ರ್ಯಾಕ್ಟರನ್ನು ದಾಟಿಸಲು ರಸ್ತೆಯ ಬಲಕ್ಕೆ ನುಗ್ಗಿದ. ಎದುರಿನಿಂದ ತನ್ನ ಪಾಡಿಗೆ ತನ್ನ ಮಗ್ಗುಲಿನಲ್ಲಿ ಬೈಕಿನ ಮೇಲೆ ಬರುತ್ತಿದ್ದವನು ಯಲ್ಲಪ್ಪ, ಮನೆ ಕಟ್ಟುವ ಗೌಂಡಿ ಕೆಲಸದವ. ಯರಗಟ್ಟಿಯಲ್ಲಿ ಹಬ್ಬದ ಸಂತೆ ಮುಗಿಸಿ ಮನೆಗೆ ಹೊರಟಿದ್ದ. ಯಲ್ಲಪ್ಪ ಸತ್ತ. ಮಹಾದೇವಿಯ ಭುಜದ ಎಲುಬು ಮುರಿಯಿತು. ಶಿವನಗೌಡನಿಗೆ ಏನೂ ಆಗಲಿಲ್ಲ. ಟ್ರ್ಯಾಕ್ಟರಿನವ ನಿಲ್ಲಲೇ ಇಲ್ಲ. ಅವನನ್ನು ಹೇಗೆ ಬೈಯಲಿ? ನಿಂತು ಸಾಕ್ಷಿ ಹೇಳಿದವರಿಗೆ ನಾವು ಮಾಡುವ ಮರ್ಯಾದೆ ಅವನಿಗೂ ಗೊತ್ತಿತ್ತು.

ಹೀಗೆ ಆಯಿತೆಂದು ನಾನು ಇವತ್ತು ಖಡಾಖಂಡಿತ ಬರೆಯಬಲ್ಲೆ. ಅವತ್ತು ಸ್ಥಳಕ್ಕೆ ಹೋದಾಗ ಕಂಡದ್ದು ಬೇರೆಯೇ. ರಸ್ತೆ ತೊಳೆದು ಸ್ವಚ್ಛವಾಗಿತ್ತು. ಗಾಜಿನ ಒಂದು ಚೂರೂ ಇಲ್ಲ. ಕಾರು ತನ್ನ ಎಡಬದಿಗೆ ಸಭ್ಯವಾಗಿ ನಿಂತಿತ್ತು. ಅದರ ಮುಂದೆಯೇ ಜಾಲಿ ಗಿಡಕ್ಕೆ ಬೈಕು ಒರಗಿಸಿದ್ದರು. ನೋಡಿದರೆ ಬೈಕಿನವನೇ ರಾಂಗ್ ಸೈಡಿಗೆ ಬಂದು ಕಾರಿಗೆ ಬಿದ್ದ ಹಾಗೆ. ನಡುರಸ್ತೆಯ ಆಚೆ ಒಂದು ಬುಟ್ಟಿಯಷ್ಟು ಕೆಂಪು ಮಣ್ಣು ಹರವಿ, ಮೇಲೆ ಚಿಟಿಕೆ ಭಂಡಾರ, ದೇವರ ಅರಿಶಿನ, ಉದುರಿಸಿದ್ದರು.

ಅಲ್ಲೇ ಹೊಲದ ಬದುವಿನ ಮೇಲೆ ಒಬ್ಬ ಮುದುಕ ಕೂತಿದ್ದ.

‘ಅಜ್ಜಾರ, ಇಷ್ಟ ಛಲೋ ಕಸಾ ಹೊಡದವರು ಯಾರ್ರಿ?’

‘ನಮ್ಮ ಸೊಸಿ ಹೊಡದಾಳ್ರಿ ಅಕ್ಕಾರ. ಸತ್ತಾವನ ನೆತ್ತರ ತುಳೀಬಾರದು. ಮತ್ತ ಗಾಜ ಚುಚ್ಚಿ ಎಮ್ಮಿ ಕುಂಟಾತಂದ್ರ?’

‘ಬೈಕು ಮೊದಲ ಎಲ್ಲಿ ಬಿದ್ದಿತ್ತು?’

‘ಅತ್ಲಾಗ, ಆ ದಂಡ್ಯಾಗ. ಮಣ್ಣ ಹಾಕೇವಲ್ಲ, ಅಲ್ಲೆ. ಕಾರೂ ಅಲ್ಲೇ ಅಡ್ಡ ನಿಂತಿತ್ತು. ಬಸ್ಸಿಗೆ ದಾರಿ ಆಗವಲ್ದಾತು ಅಂತ ಎಲ್ಲಾರೂ ಕೂಡಿ ಇತ್ಲಾಗ ನೂಕಿದ್ವಿ. ಬೈಕು ನೆಳ್ಳಿಗೆ ಇಟ್ಟೇವ್ರಿ, ಪಾಪ, ಮನಿಯವ್ರು ಬಂದ್ರ ಒಯ್ಯಲಿ ಅಂತ.’

‘ಇದನ್ನ ಪಂಚನಾಮಾದಾಗ ಹಿಂಗ ಬರಕೊಂಡು ನಿಮ್ಮ ಸಹಿ ತಗೊಳ್ಳಲೇನ್ರಿ?’

ಮುದುಕ ಟಣ್ಣನೆ ಎದ್ದು ನಿಂತ. ‘ಏ, ಸಹಿ ಪಹಿ ಬ್ಯಾಡ್ರಿ ತಾಯಿ. ಕೋರ್ಟಿಗೆ ಅಡ್ಡಾಡಿ ಅಡ್ಡಾಡಿ ಕಡೀಕ ನಾನ ಕಳ್ಳ ಆಗಿಬಿಡತೇನಿ.’

ಹೀಗೆ ಗುಡಿಸಿ ಸರಿಸುವ ತಪ್ಪು ಮಾಡುವವರು ನಮ್ಮ ಜನರೇ. ಕೆಟ್ಟ ಬುದ್ಧಿಯಿಂದಲ್ಲ. ಸತ್ತವನಿಗೆ ಮರ್ಯಾದೆ, ಮುಟ್ಟಬಾರದ್ದನ್ನು ತುಳಿಯಬಾರದೆಂಬ ಭಯಭಕ್ತಿ, ಬಸ್ಸಿನವರ ಮೇಲೆ ಕರುಣೆ. ಆ ಕರುಣೆಯೆಲ್ಲ ಸೇರಿ ಸತ್ತವನ ಪರವಾಗಿದ್ದ ಸಾಕ್ಷಿಯನ್ನು ಗುಡಿಸಿ ಬುಟ್ಟಿಗೆ ತುಂಬಿತ್ತು. ನನಗೆ ಸಿಟ್ಟು ಅವರ ಮೇಲಲ್ಲ. ಇದು ಇಲ್ಲಿನ ರೂಢಿ ಎಂದು ನಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಮ್ಮ ಸಾಹೇಬರು ಏನು ಮಾಡಿದರು? ಮೊಬೈಲು ತೆಗೆದು ಜಾಲಿ ಗಿಡದ ಕೆಳಗಿನ ಬೈಕಿನ ಫೋಟೋ ಹೊಡೆದರು.

‘ಸಾಹೇಬ್ರ, ಗಾಡಿ ಸರಿಸ್ಯಾರ. ಮಣ್ಣು ಹಾಕಿದ್ದು ಆ ಕಡೆ ಅದ’ ಅಂದೆ.

‘ಮಣ್ಣ ಸಾಕ್ಷಿ ಹೇಳತೈತೇನ್ರಿ ಬಾಯಾರ? ಕಣ್ಣಿಗೆ ಹ್ಯಾಂಗ ಕಾಣತೈತಿ ಹಂಗ ಬರಿಯೂದು ನಮ್ಮ ಡ್ಯೂಟಿ.’

ಅಷ್ಟು ಹೊತ್ತಿಗೆ ಅವರ ಫೋನು ಎರಡು ಸಲ ಹೊಡೆದಿತ್ತು. ಆ ಕಡೆ ಯಾರಿದ್ದರು ಎಂಬುದು ಅವರ ಕೊರಳು ಮೆತ್ತಗಾದದ್ದರಿಂದಲೇ ತಿಳಿಯುತ್ತಿತ್ತು. ಶಿವನಗೌಡನ ಕಾಕಾ, ಅಂದರೆ ಚಿಕ್ಕಪ್ಪ, ಊರಲ್ಲಿ ದೊಡ್ಡಗೌಡರು ಅಂತ ಕರೆಸಿಕೊಳ್ಳುವವರು. ಅವರು ಬಂದರೆ ನಮ್ಮ ಠಾಣೆಯವರು ಕುರ್ಚಿ ಒರೆಸಿ ಕೊಡುತ್ತಿದ್ದರು.

ಮರುದಿನ ಸಾಹೇಬರು ನನ್ನನ್ನು ಕರೆದು ಒಂದು ಟೈಪು ಮಾಡಿದ ಹಾಳೆ ಕೊಟ್ಟರು. ಮಹಾದೇವಿಯ ಹೇಳಿಕೆ, ಮಹಾದೇವಿ ಬಾಯಿ ತೆರೆಯುವ ಮೊದಲೇ ತಯಾರಾಗಿತ್ತು. ‘ಮೋಟಾರ್ ಸೈಕಲ್ ಸವಾರನು ಒಮ್ಮೆಲೇ ನಮ್ಮ ಬದಿಗೆ ಬಂದು...’ ಇತ್ಯಾದಿ. ‘ಹೆಣ್ಣಿಗೆ ಹೆಣ್ಣು ಹೋಗಿ ಓದಿ ಹೇಳಿ, ಹೂಂ ಅನಿಸ್ಕೊಂಡ ಬರ್ರಿ. ಮುಗೀತು’ ಅಂದರು.

ದವಾಖಾನೆಯಲ್ಲಿ ಮಹಾದೇವಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಆಕೆಯ ವೈನಿ, ಅಂದರೆ ಅಣ್ಣನ ಹೆಂಡತಿ, ಬಾಗಿಲಲ್ಲಿ ದೊಡ್ಡಗೌಡರು.

‘ಬರ್ರಿ ಬಾಯಾರ, ಕುಂಡ್ರರಿ. ಚಾ ತರಸಲೇನು? ನಮ್ಮ ಹುಡಿಗಿ ಮಲಗಿದ್ಲು ನೋಡ್ರಿ, ಆಕಿಗೆ ಏನೂ ಗೊತ್ತಿಲ್ಲ. ಬೈಕಿನಾವ ನಮ್ಮ ಕಡಿ ಬಂದದ್ದಷ್ಟ ನೋಡ್ಯಾಳ.’

‘ಮಲಕೊಂಡ ನೋಡ್ಯಾರೇನ್ರಿ, ಗೌಡ್ರ?’

ಗೌಡರು ಮೀಸೆ ಒರೆಸಿಕೊಂಡರು. ನಾನು ‘ಗಾಯ ನೋಡಬೇಕು, ಎಲ್ಲಾರೂ ಸ್ವಲ್ಪ ಹೊರಗ ನಿಂದರ್ರಿ’ ಎಂದು ಬಾಗಿಲು ಮುಂದೆ ಮಾಡಿದೆ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ಆಕೆಯ ಹಣೆಯ ಮೇಲೆ ಕೈಯಿಟ್ಟೆ. ಏನೂ ಕೇಳಲಿಲ್ಲ. ಆಕೆಯೇ ಶುರು ಮಾಡಿದಳು.

‘ಅಣ್ಣಾ ಬ್ಯಾಡೋ, ಮುಂದ ಗಾಡಿ ಬರಾಕತ್ತೈತಿ ಅಂದೆ ರಿ. ಕೇಳಲಿಲ್ಲ. ಟ್ರ್ಯಾಕ್ಟರ ದಾಟಸಾಕ ಆ ಕಡಿ ಹೊಕ್ಕ.’ ಗೋಡೆಯಿಂದ ನನ್ನ ಕಡೆ ತಿರುಗಿದಳು. ‘ಆ ಬೈಕಿನಾವ ಒಮ್ಮಿಗೇ ಸಾಯಲಿಲ್ರಿ. ಕೈ ಹಿಂಗ ಎತ್ತಿದ್ದ. ಅಣ್ಣ ಇಳದ ನೋಡಿದ. ನೋಡಿ ಕಾಕಾಗ ಫೋನ್ ಹಚ್ಚಿದ. ಆಂಬುಲೆನ್ಸಿಗೆ ಹಚ್ಚಿದವ್ರು ಆಮ್ಯಾಲ ಬಂದ ಹೊಲದವ್ರು.’

ನಾನು ನೌಕರಿಯಲ್ಲಿ ಎಷ್ಟೋ ಕೇಳಿದ್ದೇನೆ. ಆ ಮಾತು ಕೇಳಿದಾಗ ಕಿವಿಗೆ ಬೆಂಕಿ ಹತ್ತಿದಂತಾಯಿತು. ಯಲ್ಲಪ್ಪ ಕೈ ಎತ್ತಿದ್ದು ಜೀವ ಉಳಿಸಿ ಅಂತ. ಅದನ್ನು ನೋಡಿಯೂ ಶಿವನಗೌಡ ತನ್ನ ಕೇಸು ಉಳಿಸಲು ಫೋನು ಮಾಡಿದ್ದ.

‘ಇದನ್ನ ಬರಕೊಳ್ಳಲೇನವಾ?’

ಆಕೆ ಬೇಡವೆಂದು ತಲೆ ಅಲ್ಲಾಡಿಸಿದಳು. ‘ನಿಮಗ ಅಣ್ಣ ಅದಾರೇನ್ರಿ?’

‘ಇದ್ದಾನ.’

‘ಪಂಚಮಿಗೆ ಕರೀತಾರೇನ್ರಿ?’

‘ಕರೀತಾನ. ಪೊಲೀಸನ್ನ ಠಾಣ್ಯಾಗ ಬಿಟ್ಟು, ತಂಗೀನ್ನ ಅಷ್ಟ ಕರಕೊಂಡ ಬಾ ಅಂತಾನ.’

ಆಕೆಗೆ ನಗು ಬಂತು, ನಕ್ಕದ್ದಕ್ಕೆ ಭುಜ ನೊಂದು ಕಣ್ಣಲ್ಲಿ ನೀರೂ ಬಂತು. ‘ನನಗ ಅಪ್ಪ ಇಲ್ಲ, ಅವ್ವ ಇಲ್ಲ. ಅಣ್ಣನ ಬಾಗಿಲಾನ ತವರ ಮನಿ ರಿ. ನಾ ಹೇಳಿದ್ರ ಆ ಬಾಗಲಾ ಮುಚ್ಚತೈತಿ.’

ಒತ್ತಾಯ ಮಾಡಲಿಲ್ಲ. ಆಗುವುದನ್ನು ಮಾತ್ರ ಹೇಳಿದೆ. ‘ನೀ ಸುಮ್ಮನಿದ್ರ ಕೇಸು ಆ ಬೈಕಿನವನ ಮ್ಯಾಲೆ ಆಗತದ. ತಪ್ಪು ಅವಂದ ಅಂತ ಆದ್ರ ಅವನ ಹೆಂಡತಿಗೆ ಪರಿಹಾರ ಸುದ್ದಾ ಸಿಗೂದಿಲ್ಲ.’

‘ಸತ್ತಾವನ ಮ್ಯಾಲೆ ಕೇಸ ಹಾಕತಾರೇನ್ರಿ?’

‘ಹಾಕ್ತಾರವಾ. ಅವರಿಗೆ ಅದಾನ ಸುಲಭ. ಸತ್ತಾವ ವಕೀಲನ್ನ ಹಿಡಿಯೂದಿಲ್ಲ, ಮ್ಯಾಲಿನ ಸಾಹೇಬ್ರಿಗೆ ಅರ್ಜಿ ಕೊಡೂದಿಲ್ಲ.’

ಆಕೆ ಮತ್ತೆ ಗೋಡೆಗೆ ತಿರುಗಿದಳು. ನಾನು ಹಾಳೆಯನ್ನು ಓದದೆ ವಾಪಸು ತಂದೆ.

ಸಾಹೇಬರು ಮೇಜು ಗುದ್ದಿದರು. ‘ಬರದದ್ದ ಓದಿ ಹೇಳಾಕ ಬರೂದಿಲ್ಲೇನ್ರಿ ನಿಮಗ? ಪುರಾಣ ಹೇಳೂ ಮನಿತನದವ್ರು ಅಂತೀರಿ!’

‘ಪುರಾಣದಾಗ ಋಷಿಗಳು ಬರದದ್ದು ಓದ್ತಾರ್ರಿ ಸಾಹೇಬ್ರ. ಇದು ನಿಮ್ಮ ರೈಟರ್ ಬರದದ್ದು.’

ಅವತ್ತಿನಿಂದ ನನ್ನನ್ನು ಎಲ್ಲಮ್ಮನ ಗುಡ್ಡದ ಬಂದೋಬಸ್ತಿಗೆ ಹಾಕಿದರು. ಗುಡ್ಡದಿಂದ ಇಳಿದು ಬರುವಷ್ಟರಲ್ಲಿ ಎಫ್.ಐ.ಆರ್. ಆಗಿತ್ತು. ಆರೋಪಿ: ಯಲ್ಲಪ್ಪ. ಷರಾ: ಆರೋಪಿ ಮೃತಪಟ್ಟಿರುತ್ತಾನೆ. ನಮ್ಮ ಇಲಾಖೆಯಲ್ಲಿ ಇದಕ್ಕಿಂತ ಸಲೀಸಾದ ಕೇಸು ಇಲ್ಲ. ಹಿಡಿಯಬೇಕಿಲ್ಲ, ಬಿಡಬೇಕಿಲ್ಲ, ಕೋರ್ಟಿನಲ್ಲಿ ನಿಲ್ಲಬೇಕಿಲ್ಲ. ತೆರೆದ ದಿನವೇ ಮುಗಿದಂತೆ. ಆಮೇಲೆ ಫೈಲು ಕಟ್ಟಿ ಮೇಲಿಟ್ಟರೆ ಠಾಣೆಯ ಕೆಲಸ ಚೊಕ್ಕಟ.

ಯಲ್ಲಪ್ಪನ ಹೆಂಡತಿ ಲಕ್ಕವ್ವ ಠಾಣೆಗೆ ಬಂದದ್ದು ನಾನು ಇದ್ದ ದಿನವೇ. ಅಳಲು ಬಂದಿರಲಿಲ್ಲ. ಕೌಂಟರಿನ ಮುಂದೆ ನೆಟ್ಟಗೆ ನಿಂತಳು.

‘ನನ್ನ ಗಂಡನ ಮ್ಯಾಲೆ ಕೇಸ ಆಗೈತಂತ, ಖರೇ ಏನ್ರಿ?’

‘ಹೌದು’ ಅಂದ ರೈಟರ್, ತಲೆ ಎತ್ತದೆ.

‘ಆರೋಪಿ ಅಂದ್ರ ಹಿಡಕೊಂಡ ಬರಬೇಕಲ್ರಿ?’

ರೈಟರ್ ರಿಜಿಸ್ಟರಿನ ಹಾಳೆ ತಿರುವಿದ.

‘ಮತ್ತ ನಡೀರಿ, ಗುಣಿ ಎಲ್ಲೈತಿ ತೋರಸ್ತೇನಿ. ಅಗದ ತಗೀರಿ. ಬೇಡಿ ಹಾಕ್ಕೊಂಡ ಕರಕೊಂಡ ಬರ್ರಿ. ಏನ್ ಮಾಡಿದ್ಯೋ ಅಂತ ಕೇಳ್ರಿ. ನಾನೂ ಕೇಳಬೇಕಾಗೇತಿ. ನಮ್ಮನ್ನ ಬಿಟ್ಟ ಹ್ಯಾಂಗ ಹೋದ್ಯೋ ಅಂತ.’

ಒಳಗಿನಿಂದ ಸಾಹೇಬರು, ‘ಯಾಕ್ರೀ ಬಾಯಾರ, ಆಕಿನ್ನ ಸಮಾಧಾನ ಮಾಡಿ ಕಳಸ್ರೀ’ ಎಂದು ಕೂಗಿದರು. ಸಮಾಧಾನ! ಜೀವಮಾನವಿಡೀ ನನಗೆ ಹಚ್ಚಿದ ಕೆಲಸ. ನಾನು ಅವತ್ತು ಸಮಾಧಾನ ಮಾಡಲಿಲ್ಲ. ‘ಇಲ್ಲೇ ಕುಂಡ್ರವಾ, ಇನ್ನೂ ಕೇಳು. ಅವರು ಉತ್ತರ ಕೊಡೂ ತನಕ ಕೇಳು’ ಅಂದೆ. ಸಂಜೆಯವರೆಗೂ ಆಕೆ ಕೂತಳು. ಸಾಹೇಬರು ಹಿಂದಿನ ಬಾಗಿಲಿನಿಂದ ಹೋದರು.

ಮಹಾದೇವಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ತವರಲ್ಲೇ ಪಂಚಮಿ ಮುಗಿಸಿದ್ದಳು. ಅಣ್ಣ ಮತ್ತೊಂದು ಕಾರಿನಲ್ಲಿ ಆಕೆಯನ್ನು ತೊರಗಲ್‌ಗೆ ಬಿಡಲು ಹೊರಟಿದ್ದ. ದಾರಿಯಲ್ಲಿ ಆಕೆ ಶೌಚಕ್ಕೆ ಹೋಗಬೇಕು ಅಂದಳಂತೆ. ಠಾಣೆಯೆಂದರೆ ಅವರಿಗೆ ತಮ್ಮದೇ ಮನೆ ಇದ್ದಂತೆ. ಅಣ್ಣ ನೇರವಾಗಿ ಠಾಣೆಯ ಮುಂದೆಯೇ ಕಾರು ನಿಲ್ಲಿಸಿದ. ಆಕೆ ಇಳಿದು ಬಂದಳು. ಹೊಸ ಇಳಕಲ್ಲ ಸೀರೆ, ಹಣೆ ತುಂಬ ಕುಂಕುಮ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಬಸ ಕಟ್ಟಿದ ಉಡಿ, ತವರಿನವರು ಹರಸಿ ತುಂಬಿದ ಮಡಿಲು. ಶೌಚದ ಕಡೆ ಹೋಗಲಿಲ್ಲ. ನನ್ನ ಮೇಜಿನ ಮುಂದಿನ ಬೆಂಚಿನ ಮೇಲೆ ಕೂತಳು.

‘ಬರಕೋರಿ ಅಕ್ಕಾರ.’

ಈಗಿನ ಪದ್ಧತಿಯಲ್ಲಿ ಹೇಳಿಕೆಯನ್ನು ಮೊಬೈಲಿನಲ್ಲಿ ಹಿಡಿಯಬಹುದು, ಮುಖ ಕಾಣುತ್ತದೆ, ದನಿ ಕೇಳುತ್ತದೆ. ಮೊದಲು ನಾವು ಬರೆದದ್ದೇ ಹೇಳಿಕೆ. ಹೇಳಿದವರ ಸಹಿಯೂ ಇರುತ್ತಿರಲಿಲ್ಲ, ಕೋರ್ಟಿನಲ್ಲಿ ‘ನಾ ಹಂಗ ಅಂದಿಲ್ಲ’ ಅಂದರೆ ಮುಗಿಯಿತು. ಕೆಲವು ಹೊಸತುಗಳನ್ನು ಬೈಯುವ ನಾನು ಇದೊಂದನ್ನು ಕೈಮುಗಿದು ಒಪ್ಪಿಕೊಂಡಿದ್ದೇನೆ. ಮೊಬೈಲು ಎದುರಿಗಿಟ್ಟೆ. ಆಕೆ ಟ್ರ್ಯಾಕ್ಟರಿನಿಂದ ಶುರು ಮಾಡಿ, ಎತ್ತಿದ ಕೈಯವರೆಗೆ, ಕಾಕಾನ ಫೋನಿನವರೆಗೆ ಒಂದೂ ಬಿಡದೆ ಹೇಳಿದಳು.

ಹೊತ್ತಾಯಿತೆಂದು ಶಿವನಗೌಡ ಒಳಗೆ ಬಂದ. ಕಡೆಯ ಮಾತು ಅವನ ಕಿವಿಗೂ ಬಿತ್ತು.

‘ಮಾದೇವಿ! ಇದನ್ನ ಮಾಡಾಕ ನಮ್ಮ ಮನ್ಯಾಗ ಉಡಿ ತುಂಬಿಸಿಕೊಂಡ್ಯಾ?’

‘ಹೂಂ ಅಣ್ಣಾ. ಮೊದಲ ಹೇಳಿದ್ರ ವೈನಿ ತುಂಬತಿದ್ದಿಲ್ಲ. ಇನ್ನ ಮುಂದ ತುಂಬೂದಿಲ್ಲ ಅಂತ ಗೊತ್ತೈತಿ. ಇದೊಂದ ಇರಲಿ ಅಂತ ತಡದೆ.’

ಅವನು ತಿರುಗಿ ಹೊರಗೆ ನಡೆದ. ಆಮೇಲೆ ಆಕೆಯ ಚೀಲವನ್ನು ಕಾರಿನಿಂದ ತಂದು ಠಾಣೆಯ ಮೆಟ್ಟಿಲ ಮೇಲೆ ಇಟ್ಟು ಹೋದ. ಎಸೆಯಲಿಲ್ಲ, ಇಟ್ಟ. ಅದೊಂದನ್ನು ಅವನ ಲೆಕ್ಕಕ್ಕೆ ಬರೆಯುತ್ತೇನೆ. ನಾನೇ ಆಕೆಯನ್ನು ತೊರಗಲ್ ಬಸ್ಸು ಹತ್ತಿಸಿದೆ.

ಸಾಹೇಬರು ಬಂದವರೇ, ‘ಯಾರನ್ನ ಕೇಳಿ ಹೇಳಿಕಿ ತಗೊಂಡ್ರಿ?’ ಎಂದು ಎಗರಿದರು.

‘ಆಕಿನ್ನ ಕೇಳಿ ತಗೊಂಡೆ. ಆಕಿನ್ನ ಕೇಳೂದನ್ನ ಬಿಟ್ಟಿದ್ರಲ್ಲ ನೀವು, ಸಾಹೇಬ್ರ.’

ಅಷ್ಟರಲ್ಲಿ ನಾನು ಮೇಲಿನ ಕಚೇರಿಗೂ ಅದರ ಪ್ರತಿ ಕಳಿಸಿದ್ದೆ, ಅಳಿಸುವ ದಾರಿ ಇರಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆಯೂ ಆಕೆ ಅದನ್ನೇ ಹೇಳಿದಳು. ಆರೋಪಿಯ ಜಾಗದಲ್ಲಿ ಯಲ್ಲಪ್ಪನ ಹೆಸರು ಹೋಗಿ ಶಿವನಗೌಡನ ಹೆಸರು ಬಂತು. ಲಕ್ಕವ್ವನ ಪರಿಹಾರದ ಅರ್ಜಿಗೆ ದಾರಿಯಾಯಿತು. ನಮ್ಮ ತಿಂಗಳ ಮೀಟಿಂಗಿನಲ್ಲಿ ‘ಕಷ್ಟದ ಪ್ರಕರಣವನ್ನು ಚೆನ್ನಾಗಿ ಪತ್ತೆ ಹಚ್ಚಿದ್ದಾರೆ’ ಎಂದು ಸಾಹೇಬರನ್ನೇ ಹೊಗಳಿದರು. ಅವರು ಎದ್ದು ನಿಂತು ಹೊಗಳಿಕೆ ಸ್ವೀಕರಿಸಿದರು. ಕಣ್ಣು ಕೂಡ ಮಿಟುಕಿಸಲಿಲ್ಲ.

ಹೊಸದಾಗಿ ಖಾಕಿ ತೊಡುವವರೇ, ಈ ಕಥೆ ಕೇಳಿ ‘ಎಂಥ ಧೈರ್ಯದ ಹೆಣ್ಣುಮಗಳು!’ ಎಂದು ಚಪ್ಪಾಳೆ ಹೊಡೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಆಕೆ ಯಾಕೆ ಧೈರ್ಯ ಮಾಡಬೇಕಿತ್ತು? ಗುಡಿಸಿದ ಗಾಜು ಆ ಸೊಸೆಯ ಬುಟ್ಟಿಯಲ್ಲಿತ್ತು, ಮಣ್ಣು ಕಣ್ಣೆದುರಿಗೇ ಇತ್ತು. ನೂಕಿದವರು ಊರ ತುಂಬ ಇದ್ದರು. ಕುಳಿತು, ಮರ್ಯಾದೆಯಿಂದ ಮಾತಾಡಿಸಿ, ‘ನಿಮ್ಮನ್ನ ಪೀಡಿಸೂದಿಲ್ಲ’ ಎಂದು ಭರವಸೆ ಕೊಟ್ಟು ಬರೆಸಿಕೊಂಡಿದ್ದರೆ ಅರ್ಧ ದಿನದ ಕೆಲಸ. ಆ ಅರ್ಧ ದಿನವನ್ನು ನಾವು ಉಳಿಸಿಕೊಂಡೆವು. ಅದಕ್ಕೆ ಆಕೆ ತವರು ಕಳೆದುಕೊಂಡಳು. ನಾವು ಮಾಡದೆ ಬಿಟ್ಟ ಕೆಲಸ ಗಾಳಿಯಲ್ಲಿ ಕರಗಿ ಹೋಗುವುದಿಲ್ಲ, ಯಾರೋ ಒಬ್ಬರ ಹೆಗಲ ಮೇಲೆ ಹೋಗಿ ಕೂರುತ್ತದೆ. ಬಹುಮಟ್ಟಿಗೆ ಮುರಿದ ಹೆಗಲೇ ಅದಕ್ಕೆ ಸಿಗುತ್ತದೆ.

ಆದ್ದರಿಂದ ಹೋದ ಕೂಡಲೇ ಗಾಡಿ ನೋಡಬೇಡಿ. ಮಂದಿಯನ್ನು ಕೇಳಿ. ಗುಡಿಸಿದವರನ್ನು ಗದರಿಸಬೇಡಿ, ಗುಡಿಸಿದ್ದು ಎಲ್ಲಿ ಹಾಕಿದಿರಿ ಎಂದು ಕೇಳಿ. ಹಳ್ಳಿಗೆ ಹೋದಾಗ ಹೇಳಿ ಬನ್ನಿ: ಸತ್ತವನಿಗೆ ಮರ್ಯಾದೆ ಕೊಡಬೇಕೆಂದರೆ ಮಣ್ಣು ಹಾಕುವ ಮೊದಲು ಅವರೇ ಒಂದು ಫೋಟೋ ಹೊಡೆದಿಡಲಿ. ಬೇರೇನೂ ಬೇಡ.

ನಾನು ನಿವೃತ್ತಳಾದ ಮೇಲಿನ ಪಂಚಮಿಗೆ ತೊರಗಲ್‌ಗೆ ಫೋನು ಮಾಡಿದೆ. ಮಹಾದೇವಿ ಗಂಡನ ಮನೆಯಲ್ಲೇ ಇದ್ದಳು. ಹಿಂದಿನಿಂದ ಮಕ್ಕಳ ಕೇಕೆ, ಯಾರೋ ಹಬ್ಬದ ಉಂಡಿ ಕದ್ದರೆಂಬ ಜಗಳ.

‘ಭುಜ ಹ್ಯಾಂಗದವಾ?’

‘ಆರಾಮ ರಿ. ಥಂಡಿ ಇದ್ದಾಗಷ್ಟ ಎಳೀತೈತಿ.’

‘ತವರೂರಿಂದ ಯಾರರೆ...’ ಎಂದು ಅರ್ಧಕ್ಕೇ ನಿಲ್ಲಿಸಿದೆ.

‘ಇಲ್ರಿ, ಯಾರೂ ಬಂದಿಲ್ಲ. ಲಕ್ಕವ್ವನ ಪರಿಹಾರದ ರೊಕ್ಕದ ಕೇಸ ಇನ್ನೂ ಮುಗದಿಲ್ಲಂತಲ್ರಿ? ನನ್ನ ಸಾಕ್ಷಿನೂ ಇನ್ನೂ ಆಗಿಲ್ಲ. ಅಕ್ಕಾರ, ಅಣ್ಣಂತೂ ಕರಿಯಾಕ ಬರಲಿಲ್ಲ. ಕೋರ್ಟಿನವ್ರರೆ ಯಾವಾಗ ಕರೀತಾರೋ, ಸ್ವಲ್ಪ ಕೇಳಿ ಹೇಳ್ರಲಾ.’